ಹನ್ನೊಂದು ಗಂಟೆಯ ಸಂದರ್ಶನ

ನಮ್ಮೂರಲ್ಲಿ ಕಿವಿ ಕೇಳಿಸದ ಮಕ್ಕಳೇ ಇಲ್ಲವೆಂದು ಹೆಡ್ ಮೇಷ್ಟ್ರು ತಿಪ್ಪೇರುದ್ರಯ್ಯನವರು ಹನ್ನೊಂದು ವರ್ಷ ಬಿಡದೆ ಮೇಲಿನ ಕಚೇರಿಗೆ ಬರೆದು ಕಳಿಸಿದ್ದರು. ಇದ್ದದ್ದು ಮೂವರು. ಮೇಷ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸಿತ್ತು, ನಮಗೆಲ್ಲರಿಗೂ ಹಾಗೇ ಅನಿಸಿತ್ತು. ಬೆಳಗ್ಗೆ ಹತ್ತಕ್ಕೆ ಸದ್ದೆಲ್ಲ ಅಡಗಿ ಮಧ್ಯಾಹ್ನ ಎರಡಕ್ಕೆ ಮತ್ತೆ ಬರುವ ಊರು ನಮ್ಮದು. ದಿನಕ್ಕೆ ನಾಲ್ಕು ಗಂಟೆ ಯಾರಿಗೂ ಏನೂ ಕೇಳಿಸುವುದಿಲ್ಲ. ಅಷ್ಟು ಹೊತ್ತೂ ನಾವು ಕೈಯಲ್ಲೇ ಮಾತಾಡುತ್ತೇವೆ. ನಮ್ಮ ಮಕ್ಕಳು ಹೆಜ್ಜೆ ಇಡುವ ಮೊದಲೇ ಕೈಮಾತು ಕಲಿಯುತ್ತವೆ. ಇಡೀ ಊರೇ ಕೈಯಲ್ಲಿ ಮಾತಾಡುವಾಗ ಕಿವಿ ಕೇಳಿಸದ ಮಗುವಿಗೆ ಇನ್ನೇನು ಕೊರತೆ? ಇದು ನಮ್ಮ ವಾದ.

ಹೊರಗಿನವರಿಗೆ ಇದೆಲ್ಲ ವಿಚಿತ್ರ, ನಮಗೆ ನೀರು ಕುಡಿದಷ್ಟು ಸಲೀಸು. ತೊಟ್ಟಿಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ತಾಯಂದಿರು ಕಾಲ್ಬೆರಳಿಗೆ ಸುತ್ತಿಕೊಂಡಿರುತ್ತಾರೆ. ಬಸ್ಸಿನವರು ಹಾರನ್ ಒತ್ತುವ ಬದಲು ಕೆಂಪು ಬಟ್ಟೆ ಬೀಸುತ್ತಾರೆ. ಶಾಲೆಯಲ್ಲಿ ಬೆಳಗ್ಗೆ ಲೆಕ್ಕ ಮತ್ತು ಕಾಪಿ ಬರವಣಿಗೆ, ಪಾಠ ಪದ್ಯವೆಲ್ಲ ಎರಡರ ಮೇಲೆ. ಜಗಳಗಳನ್ನೂ ಎರಡು ಗಂಟೆಗೆ ಎತ್ತಿಡುತ್ತೇವೆ. ಎಷ್ಟೋ ಜಗಳ ಅಷ್ಟರೊಳಗೆ ಆರಿಯೇ ಹೋಗಿರುತ್ತದೆ. ಆರದೆ ಉಳಿದವು ಎರಡಕ್ಕೆ ಸರಿಯಾಗಿ ಒಟ್ಟಿಗೇ ಸಿಡಿಯುತ್ತವೆ.

ನನ್ನದು ಹಿಟ್ಟಿನ ಗಿರಣಿ. ಬೇರೆ ಕಡೆ ಗಿರಣಿಯವರಿಗೆ ವಯಸ್ಸಾಗುವ ಹೊತ್ತಿಗೆ ಕಿವಿ ಮಂದವಾಗುತ್ತದಂತೆ. ನಾನು ಬೀಸುವುದೆಲ್ಲ ಹತ್ತರಿಂದ ಎರಡರೊಳಗೆ, ಹಾಗಾಗಿ ಐವತ್ತೆಂಟಾದರೂ ನನ್ನ ಕಿವಿ ಚುರುಕು. ಓದಿದ್ದು ನಾಲ್ಕನೇ ಕ್ಲಾಸು. ಶಾಲಾ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದು ಸಭೆಗೆ ತಪ್ಪದೆ ಬರುತ್ತೇನೆಂದು, ಬರುವಾಗ ಚಕ್ಕುಲಿ ತರುತ್ತೇನೆಂದು. ಸಮಿತಿಯಲ್ಲಿ ನಾವು ಮೂವರೇ. ಹೆಡ್ ಮೇಷ್ಟ್ರು, ನಾನು, ಮತ್ತೆ ಅಧ್ಯಕ್ಷ ಉಗ್ರಪ್ಪ. ಉಗ್ರಪ್ಪನದು ಸಿಮೆಂಟ್ ಅಂಗಡಿ. ಗಂಟಲು ಎಂಥದೆಂದರೆ, ಎರಡು ಗಂಟೆಯಾಯಿತೆಂದು ಅವನ ಬೀದಿಯವರು ತಿಳಿಯುವುದೇ ಅವನ ಕೂಗಿನಿಂದ.

ಗಿರಣಿಯ ಪಕ್ಕದ ಮಳಿಗೆಯಲ್ಲಿ ಹಾಸಿಗೆ ಹೊಲಿಯುವ ಮೆಹಬೂಬಿ ಇದ್ದಾಳೆ. ಗಂಡನಿಲ್ಲ. ಅವಳ ಒಬ್ಬಳೇ ಮಗಳು ಶಾಹೀನಾ, ಎಂಟು ವರ್ಷದವಳು, ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಶಾಲೆಗೆ ಹೋಗುತ್ತಾಳೆ, ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಂಡು ಬರುತ್ತಾಳೆ. ಒಂದಕ್ಕೂ ಅರ್ಥ ಗೊತ್ತಿಲ್ಲ. ಅದನ್ನು ನಾವು ಗಮನಿಸಿರಲೂ ಇಲ್ಲ, ಅಕ್ಷರ ಅಷ್ಟು ಚೆಂದ.

ಕಳೆದ ವರ್ಷ ಮೆಹಬೂಬಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಆಪರೇಷನ್ನಿಗೆಂದು ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗುವನ್ನು ನನ್ನ ಮನೆಯಲ್ಲಿ ಬಿಟ್ಟಿದ್ದರು. ಮೊದಲ ದಿನ ಬಾಗಿಲಲ್ಲಿ ಕೂತಳು. ಎರಡನೆಯ ದಿನ ತಟ್ಟೆ ದೂಡಿದಳು. ನಿಮ್ಮಮ್ಮ ನಾಡಿದ್ದು ಬರುತ್ತಾಳೆ ಎಂದು ಹೇಳೋಣವೆಂದು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ನಾಡಿದ್ದು ಎನ್ನುವುದು ನಮ್ಮ ಕೈಮಾತಿನಲ್ಲಿ ಇಲ್ಲ! ನಾಳೆಯೂ ಇಲ್ಲ, ನಿನ್ನೆಯೂ ಇಲ್ಲ. ಬಾ, ಹೋಗು, ಎಷ್ಟು, ಜಾಸ್ತಿ, ಸಾಕು, ಕೆಟ್ಟಿದೆ, ಊಟ, ನೀರು, ಬಸ್ಸು. ಅದೂ ಇದೂ ಸೇರಿ ಎಪ್ಪತ್ತೋ ಎಂಬತ್ತೋ. ಮಿಕ್ಕಿದ್ದಕ್ಕೆಲ್ಲ ಎರಡು ಗಂಟೆ ಇದೆಯಲ್ಲ! ಹತ್ತು ತಲೆಮಾರು ನಾವು ಮಿಕ್ಕ ಮಾತನ್ನೆಲ್ಲ ಎರಡು ಗಂಟೆಗೆ ಎತ್ತಿಟ್ಟೇ ಬಂದವರು. ಈ ಮಗುವಿಗೆ ಎರಡು ಗಂಟೆ ಬರುವುದೇ ಇಲ್ಲ ಎನ್ನುವುದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅಮ್ಮ ತನ್ನನ್ನು ಬಿಟ್ಟೇ ಹೋದಳೆಂದು ತಿಳಿದು ನಾಲ್ಕು ದಿನ ನೀರಿನ ಮೇಲೇ ಇದ್ದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮೆಹಬೂಬಿ ಆಟೋದಿಂದ ಇಳಿದಾಗ ಮಗು ಓಡಿ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ನಿಂತಿತು.

ಮರುದಿನವೇ ಶಾಲೆಗೆ ಹೋದೆ. "ಮೇಷ್ಟ್ರೇ, ಈ ಸಲ ಮೂರು ಮಕ್ಕಳಿದಾವೆ ಅಂತ ಬರೀರಿ. ವಿಶೇಷ ಶಿಕ್ಷಕರು ಬೇಕು ಅಂತಲೂ ಬರೀರಿ" ಎಂದೆ.

ಮೇಷ್ಟ್ರು ಕನ್ನಡಕ ತೆಗೆದರು. "ಹನ್ನೊಂದು ವರ್ಷ ಇಲ್ಲ ಇಲ್ಲ ಅಂತ ಬರ್ದು, ಈಗ ಇದ್ದಕ್ಕಿದ್ದ ಹಾಗೆ ಮೂರು ಅಂದ್ರೆ ಏನಂತಾರಮ್ಮ?"

"ಹುಟ್ಟಿದ್ವು ಅಂತ ಬರೀರಿ."

"ಮೂರೂ ಒಟ್ಟಿಗೇ? ಎಂಟು, ಒಂಬತ್ತು, ಹನ್ನೆರಡು ವರ್ಷದವು?"

"ನಮ್ಮ ಕಣ್ಣಿಗೆ ಈಗ ಹುಟ್ಟಿದ್ವು ಮೇಷ್ಟ್ರೇ. ನಿಜಾನೇ ತಾನೆ?"

ಅವರು ಕನ್ನಡಕ ಮತ್ತೆ ಹಾಕಿಕೊಂಡು ಬರೆದರು. ಏಳು ತಿಂಗಳು ಬಿಟ್ಟು ಹುದ್ದೆ ಮಂಜೂರಾಯಿತು! ಆಯ್ಕೆ ಸಮಿತಿಯದೇ, ಮೂವರೂ ಸಹಿ ಹಾಕಬೇಕು, ತಿಂಗಳ ಕೊನೆಯ ಶನಿವಾರ ಸಂಜೆ ಐದರೊಳಗೆ ಪತ್ರ ಅಂಚೆ ಪೆಟ್ಟಿಗೆಗೆ ಬೀಳಬೇಕು, ಇಲ್ಲವಾದರೆ ಹುದ್ದೆ ಬೇರೆ ಊರಿಗೆ ಹೋಗುತ್ತದೆ. ಪತ್ರ ಬಂದ ದಿನ ನಾನು ಗಿರಣಿಯಲ್ಲಿ ಯಾರದೋ ರಾಗಿಗೆ ಯಾರದೋ ಗೋಧಿ ಸೇರಿಸಿಬಿಟ್ಟೆ, ಅಷ್ಟು ಸಂತೋಷ.

ಬಂದ ಅರ್ಜಿ ಮೂರು. ಮೊದಲನೆಯವರು ಬೆಳಗಿನ ಬಸ್ಸಿಗೆ ಬಂದು, ಹತ್ತು ಗಂಟೆಗೆ ಚಹಾ ಅಂಗಡಿಯಲ್ಲಿ ಕೂತಿದ್ದಾಗ ಸದ್ದು ಅಡಗಿತು. ತಮಗೇ ಏನೋ ಆಯಿತೆಂದು ಗಾಬರಿಬಿದ್ದು ಎರಡೂ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡು, ಅದೇ ಬಸ್ಸು ಹತ್ತಿ ಹೊರಟೇ ಹೋದರು. ಚಹಾದವನು ಬಾ ಬಾ ಎಂದು ಕೈ ಬೀಸಿದ್ದನ್ನು ನೋಡಿ ಇನ್ನೂ ಹೆದರಿದರಂತೆ.

ಎರಡನೆಯವರು ಮೂರು ಗಂಟೆಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಒಳ್ಳೆ ಮಾತುಗಾರ. ಮಕ್ಕಳ ಮನಸ್ಸು ಹೂವು, ಶಿಕ್ಷಕ ಮಾಲಿ ಎಂದೆಲ್ಲ ಮುಕ್ಕಾಲು ಗಂಟೆ ಮಾತಾಡಿದರು. ಉಗ್ರಪ್ಪ ಕುರ್ಚಿಯ ತುದಿಗೆ ಬಂದುಬಿಟ್ಟ. ನಾನು ಶಾಹೀನಾಳನ್ನು ಕರೆದು ಅವರ ಮುಂದೆ ನಿಲ್ಲಿಸಿದೆ. ಅವರು ಬಗ್ಗಿ, "ಏನಮ್ಮಾ ನಿನ್ನ ಹೆಸರು?" ಎಂದರು. ಇನ್ನೂ ಜೋರಾಗಿ, "ಹೆಸರು, ಹೆಸರು!" ಎಂದರು. ಅಷ್ಟು ಹೊತ್ತೂ ಅವರ ಎರಡು ಕೈಯೂ ಪ್ಯಾಂಟಿನ ಜೇಬಿನಲ್ಲೇ ಇದ್ದವು.

"ಇವ್ರೇ ಸರಿ. ಎಂಥಾ ವಾಕ್ಚಾತುರ್ಯ ಅಕ್ಕಾ!" ಎಂದ ಉಗ್ರಪ್ಪ.

"ಅದನ್ನ ಕೇಳಿಸ್ಕೊಳ್ಳೋರು ಯಾರು, ನೀನಾ?" ಎಂದೆ. ಅವನು ಮುಖ ಊದಿಸಿಕೊಂಡ. ಇನ್ನೊಂದು ಅರ್ಜಿ ಇದೆ, ಅದನ್ನೂ ನೋಡಿಯೇ ತೀರ್ಮಾನ ಮಾಡೋಣ ಎಂದು ಮೇಷ್ಟ್ರ ಬಾಯಲ್ಲಿ ಹೇಳಿಸಿದೆ.

ಮೂರನೆಯ ಅರ್ಜಿ ವಾರಿಜಾ ಎಂಬ ಹೆಣ್ಣುಮಗಳದು. ಕಿವಿ ಕೇಳಿಸದ ಮಕ್ಕಳಿಗೆ ಕಲಿಸುವ ತರಬೇತಿ ಆಗಿದೆ, ಆರು ವರ್ಷ ಕೆಲಸ ಮಾಡಿದ್ದಾಳೆ. ಎರಡನೆಯ ಪುಟದ ಕೆಳಗೆ, ತನಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಳು. ಮೇಷ್ಟ್ರು ಮೊದಲ ಪುಟ ಓದಿದ್ದರು. ಉಗ್ರಪ್ಪ ಫೋಟೋ ನೋಡಿದ್ದ. ಎರಡನೆಯ ಪುಟಕ್ಕೆ ಹೋದವಳು ನಾನೊಬ್ಬಳೇ, ನಿಧಾನಕ್ಕೆ ಓದುವವರು ಕೊನೆವರೆಗೂ ಓದುತ್ತಾರೆ.

ಅವಳ ಸಂದರ್ಶನ ಆ ಕೊನೆಯ ಶನಿವಾರಕ್ಕೇ ಬಿತ್ತು. ಮಧ್ಯಾಹ್ನ ಮೂರಕ್ಕೆ ಅವಳನ್ನು ಕೂರಿಸಿದರೆ ಉಗ್ರಪ್ಪನಿಗೆ ಅವಳ ಕಿವಿ ಮಾತ್ರ ಕಾಣುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಕೂರಿಸಿದರೆ ಟೀಚರ್ ಕಾಣುತ್ತಾಳೆ. ಶನಿವಾರ ಮಧ್ಯಾಹ್ನ ಗಿರಣಿಯ ಬೆಲ್ಟ್ ಬದಲಾಯಿಸುವವನು ಬರುತ್ತಾನೆ, ಹನ್ನೊಂದಕ್ಕೇ ಇಟ್ಟುಕೊಳ್ಳಿ ಎಂದೆ. ಬೆಲ್ಟಿನವನನ್ನು ಕರೆಸಿಯೂ ಇದ್ದೆ, ಸುಳ್ಳಾಗಬಾರದಲ್ಲ.

ಶನಿವಾರ ಬಸ್ ಸ್ಟ್ಯಾಂಡಿಗೆ ನಾನೇ ಹೋದೆ. ಮೂವತ್ತರ ಆಸುಪಾಸಿನ ಹೆಣ್ಣು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲೊಂದು ನೋಟ್‌ಬುಕ್ಕು. ಅವಳು ಬಸ್ಸಿನಿಂದ ಇಳಿದು ನಿಲ್ಲುವುದಕ್ಕೂ ಹತ್ತು ಹೊಡೆಯುವುದಕ್ಕೂ ಸರಿಹೋಯಿತು. ಹೂವಿನವಳು, ಕಂಡಕ್ಟರು, ಬಾಳೆಹಣ್ಣಿನ ಗಾಡಿಯವನು, ಎಲ್ಲರ ಬಾಯಿ ಒಟ್ಟಿಗೇ ಮುಚ್ಚಿತು, ಎಲ್ಲರ ಕೈ ಒಟ್ಟಿಗೇ ಮೇಲೆ ಬಂತು. ವಾರಿಜಾಳ ಚೀಲ ಹೆಗಲಿಂದ ಜಾರಿ ಕೆಳಗೆ ಬಿತ್ತು. ಆ ಮುಖ ನಾನು ಮರೆಯುವುದಿಲ್ಲ! ಜಾತ್ರೆಗೆ ಬಂದ ಮಗುವಿನ ಹಾಗೆ ಒಂದು ಸುತ್ತು ತಿರುಗಿ ತಿರುಗಿ ನೋಡಿದಳು. ಹೂವಿನವಳ ಹತ್ತಿರ ಓಡಿಹೋಗಿ ಕೈಯಲ್ಲಿ ಏನೇನೋ ಹೇಳತೊಡಗಿದಳು, ಸರಸರ, ಬೆರಳು ನೀರು ಹರಿದ ಹಾಗೆ. ಹೂವಿನವಳು ಕಣ್ಣು ಬಿಟ್ಟು, ಎಷ್ಟು ಮೊಳ ಎಂದು ಸನ್ನೆ ಮಾಡಿದಳು. ಗಾಡಿಯವನ ಹತ್ತಿರ ಹೋದಳು. ಅವನು ಬೇಕಾ ಬೇಡವಾ ಎಂದ. ಐದೇ ನಿಮಿಷ. ಮುಖ ಇಳಿಯಿತು. ನೋಟ್‌ಬುಕ್ ತೆಗೆದು ಬರೆದು ನನಗೆ ತೋರಿಸಿದಳು.

"ಇಷ್ಟೇನಾ?"

ನಮ್ಮ ಊರಿನ ಕೈಮಾತಿನ ಬಗ್ಗೆ ನಮಗೆಷ್ಟು ಹೆಮ್ಮೆ! ನಾನು ಪೆನ್ಸಿಲ್ ತೆಗೆದುಕೊಂಡು ಕೆಳಗೆ ಬರೆದೆ. "ಇಷ್ಟೇ. ಅದಕ್ಕೇ ನಿಮ್ಮನ್ನು ಕರೆದದ್ದು." ಅವಳು ನಕ್ಕಳು.

ಹನ್ನೊಂದಕ್ಕೆ ಸಂದರ್ಶನ ಶುರುವಾಯಿತು. ಮೇಜಿನ ಮೇಲೆ ಸ್ಲೇಟು ಇಟ್ಟಿದ್ದರೂ ಉಗ್ರಪ್ಪನಿಗೆ ಅದು ಅವಮಾನ. ನಮ್ಮೂರಿನವರು ಕೈಯಲ್ಲೇ ಮಾತಾಡುವುದು. ಎದೆ ಉಬ್ಬಿಸಿ, ಬಾ ಕೂತ್ಕೋ ಎಂದ. ಸರಿ. ನೀರು ಬೇಕಾ ಎಂದ. ಸರಿ. ಅಲ್ಲಿಗೆ ಅವನ ಸಂದರ್ಶನ ಮುಗಿಯಿತು. ಮುಂದೆ ಕೇಳಬೇಕಾದದ್ದು ಒಂದೂ ಕೈಗೆ ಬರುವುದಿಲ್ಲ. ಎರಡು ಸಲ ಕೈ ಎತ್ತಿ ಇಳಿಸಿ, ಕೊನೆಗೆ ಮತ್ತೊಮ್ಮೆ ನೀರು ಬೇಕಾ ಎಂದ.

ಮೇಷ್ಟ್ರು ಈ ಕೆಲಸ ಯಾಕೆ ಆರಿಸಿಕೊಂಡಿರಿ ಎಂದು ಕೇಳಹೊರಟರು. ಯಾಕೆ ಎನ್ನುವುದು ನಮ್ಮಲ್ಲಿಲ್ಲ. ಸಂತೆಯಲ್ಲಿ ಯಾರು ಯಾಕೆ ಅನ್ನುತ್ತಾರೆ? ಹುಬ್ಬು ಏರಿಸಿದರು, ಅಂಗೈ ತಿರುಗಿಸಿದರು, ತಲೆ ಕೆರೆದುಕೊಂಡರು, ಬೆವರಿದರು. ಮೂವತ್ತು ವರ್ಷ ಪಾಠ ಮಾಡಿದವರು ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಕೂತುಬಿಟ್ಟರು. ಸೋತು ಸ್ಲೇಟಿನ ಮೇಲೆ ಬರೆದರು. ವಾರಿಜಾ ಓದಿಕೊಂಡು, ಆ ಒಂದು ಪದಕ್ಕೆ ಕೆಳಗೆ ಗೆರೆ ಎಳೆದು, ಹುಬ್ಬು ಗಂಟು ಹಾಕಿ ಬಲಗೈಯಲ್ಲೊಂದು ಸನ್ನೆ ಮಾಡಿ ತೋರಿಸಿದಳು. ಯಾಕೆ! ನಾವು ಮೂವರೂ ಮಾಡಿದೆವು. ಉಗ್ರಪ್ಪ ಐದಾರು ಸಲ ಮಾಡಿದ. ಹೊಸ ಬೈಕು ಸಿಕ್ಕವನ ಹಾಗೆ ಕಿಟಕಿಗೆ, ಫ್ಯಾನಿಗೆ, ಮೇಷ್ಟ್ರ ಬೋಳುತಲೆಗೆಲ್ಲ ಯಾಕೆ ಯಾಕೆ ಎಂದು ತೋರಿಸಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಷ್ಟ್ರ ಪ್ರಶ್ನೆಗೆ ಸ್ಲೇಟಿನಲ್ಲಿ ಉತ್ತರ ಬರೆದಳು. "ಒಂಬತ್ತು ವರ್ಷದವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ತಿನ್ನು, ಮಲಗು ಎಂದು ಹೇಳುತ್ತಿದ್ದರು, ಅಷ್ಟೇ."

ಅದನ್ನೋದಿ ಉಗ್ರಪ್ಪ ಮೇಜು ಗುದ್ದಿದ. ಸದ್ದು ಬರಲಿಲ್ಲ, ಚಕ್ಕುಲಿ ಮಾತ್ರ ಹಾರಿದವು. ಸಾಕು, ಬಾ ಎಂದು ಕೈ ಮಾಡಿದ. ಸಾಕು ಹುಡುಕಿದ್ದು, ಇವಳೇ ಬರಲಿ ಎಂದರ್ಥ. ಮೇಷ್ಟ್ರು ಪತ್ರ ಬರೆದರು, ನಾವಿಬ್ಬರೂ ಸಹಿ ಹಾಕಿದೆವು. ನಾನು ಉಗ್ರಪ್ಪನ ಕೈಗೆ ಪೆನ್ನು ತುರುಕಿದೆ. ಅವನು ಹಿಂದಕ್ಕೆ ಕೊಟ್ಟು ಗಡಿಯಾರ ತೋರಿಸಿದ. ಸಹಿ ಹಾಕುವಾಗ ನಾಲ್ಕು ಮಾತಾಡುವುದು ಅವನ ಚಟ. ಸಿಮೆಂಟಿನ ಬಿಲ್ಲಿಗೂ ಭಾಷಣ ಮಾಡುವವನು ಇದನ್ನು ಬಿಡುತ್ತಾನೆಯೇ? ಎರಡು ಗಂಟೆಯಾಗಲಿ ಎಂದು ಕಾಲು ಚಾಚಿ ಕೂತ.

ನಾನು ಓಡಿಹೋಗಿ ಮೆಹಬೂಬಿಯನ್ನೂ ಶಾಹೀನಾಳನ್ನೂ ಕರೆದುಕೊಂಡು ಬಂದೆ. ವಾರಿಜಾ ಜಗಲಿಯಲ್ಲಿ ಮಗುವಿನ ಎದುರು ಕೂತಳು. ಪುಸ್ತಕವಿಲ್ಲ, ಕಡ್ಡಿಯಿಲ್ಲ. ಒಂದು ಬಿಳಿ ಕಲ್ಲು, ಒಂದು ಕರಿ ಕಲ್ಲು, ತಲೆಗೂದಲು, ಮೂಗು, ಇರುವೆ. ಒಂದೊಂದಕ್ಕೂ ಒಂದು ಸನ್ನೆ, ನಡುನಡುವೆ ಅದೇ ಯಾಕೆ. ಮಗು ಮೊದಲು ಸುಮ್ಮನೆ ನೋಡಿತು. ಆಮೇಲೆ ಬೆರಳು ಅಲ್ಲಾಡಿತು. ಆಮೇಲೆ ನಿಲ್ಲಲೇ ಇಲ್ಲ! ಹಸಿದವರು ಊಟಕ್ಕೆ ಕೂತ ಹಾಗೆ ವಾರಿಜಾಳ ಎರಡು ಕೈಯನ್ನೂ ಹಿಡಿದು ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಮೆಹಬೂಬಿ ಕಂಬಕ್ಕೆ ಒರಗಿ ನಿಂತವಳು ಸೂಜಿ ಚುಚ್ಚಿ ಗಟ್ಟಿಯಾದ ತನ್ನ ಬೆರಳುಗಳಲ್ಲಿ ಹಿಂದಿನಿಂದ ಅದನ್ನೇ ಮಾಡಿ ನೋಡುತ್ತಿದ್ದಳು. ನನ್ನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು.

ಎರಡು ಹೊಡೆಯಿತು. ಊರು ಸಿಡಿಯಿತು. ಕುಕ್ಕರು, ಹಾರನ್ನು, ನಾಯಿ, ಎತ್ತಿಟ್ಟ ಜಗಳ. ಉಗ್ರಪ್ಪ ಎದ್ದು ಅಂಗಿ ಜಗ್ಗಿಕೊಂಡು, "ವಾರಿಜಾ ಮೇಡಂ, ಸ್ವಲ್ಪ ಒಳಗೆ ಬರ್ತೀರಾ!" ಎಂದ. ಅವಳ ಬೆನ್ನು ನಮ್ಮ ಕಡೆಗಿತ್ತು. ತಿರುಗಲಿಲ್ಲ. "ಮೇಡಂ!" ಎಂದ. ಸೂರಿನ ಪಾರಿವಾಳಗಳು ಹಾರಿಹೋದವು. ಅವಳು ಮಗುವಿಗೆ ಇರುವೆ ತೋರಿಸುತ್ತಲೇ ಇದ್ದಳು.

ಉಗ್ರಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದ. "ಅಕ್ಕಾ. ಇವ್ರಿಗೆ ಕಿವಿ ಕೇಳ್ಸಲ್ವಾ?"

"ಇಲ್ಲ."

"ನಿಂಗೆ ಗೊತ್ತಿತ್ತಾ?"

"ಅರ್ಜೀಲಿ ಬರ್ದಿದೆ. ಎರಡನೇ ಪುಟ. ಅರ್ಜಿ ಎಂಟು ದಿನದಿಂದ ನಿನ್ನ ಮೂಗಿನ ಕೆಳಗೇ ಇದೆ."

"ಬೆಲ್ಟು ಗಿಲ್ಟು ಅಂತ ನಾಟಕ ಆಡಿ ನನ್ನ ಮಂಗ ಮಾಡ್ದೆಯಲ್ಲ! ಕಿವಿ ಕೇಳಿಸ್ದೋರು ಹೆಂಗೆ ಟೀಚರಾಗ್ತಾರೆ? ಮಗು ಬಿದ್ದು ಕಿರುಚಿದ್ರೆ?"

"ದಿನಾ ನಾಲ್ಕು ಗಂಟೆ ನಿಂಗೂ ಕೇಳ್ಸಲ್ಲ. ಹಂಗಂತ ಸಿಮೆಂಟ್ ಅಂಗಡಿ ಬಾಗಿಲು ಹಾಕಿದ್ಯೇನು?"

"ಅದು ಬೇರೆ, ಇದು ಬೇರೆ."

"ಏನು ಬೇರೆ? ಹನ್ನೊಂದು ಗಂಟೆಗೆ ಮೇಜು ಗುದ್ದಿದೋನು ನೀನೇ. ಎರಡು ಗಂಟೆಗೆ ಆಯಮ್ಮ ಏನು ಬದಲಾದ್ಳು ಹೇಳು."

ಮೇಷ್ಟ್ರು ಮಧ್ಯೆ ಬಂದರು. "ಉಗ್ರಪ್ಪನೋರೇ, ಐದರೊಳಗೆ ಅಂಚೆ..."

"ಐದರೊಳಗೆ ಇನ್ನೊಬ್ರ ಹೆಸರು ಬರೀರಿ. ಒಳ್ಳೆ ಮಾತಾಡ್ತಿದ್ರಲ್ಲ, ಅವ್ರದ್ದು. ನಾನು ಇದಕ್ಕೆ ಸಹಿ ಹಾಕಲ್ಲ ಅಂದ್ರೆ ಹಾಕಲ್ಲ!"

ಮೆಹಬೂಬಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎಂದೂ ಯಾರಿಗೂ ಎದುರಾಡದವಳು ಒಳಗೆ ಬಂದು, "ಅಣ್ಣಾ, ನಾಲ್ಕು ದಿನ ನನ್ನ ಮಗಳು ನಾನು ಬಿಟ್ಟೇ ಹೋದೆ ಅಂದ್ಕೊಂಡಿದ್ಳು. ಹಂಗಲ್ಲ ಅಂತ ಹೇಳೋರು ಈ ಊರಲ್ಲಿ ಒಬ್ರೂ ಇರ್ಲಿಲ್ಲ. ನೀವೂ ಇದ್ರಿ" ಎಂದಳು. ಆದರೂ ಉಗ್ರಪ್ಪ ಪೆನ್ನು ಮುಟ್ಟಲಿಲ್ಲ. ಕಿವಿಯೇ ಕೇಳಿಸದ ಇವರು ಏನು ಕಲಿಸಿಯಾರು ಎಂದು ಗೊಣಗಿದ.

ಅಷ್ಟರಲ್ಲಿ ಜಗಲಿಯಿಂದ ಶಾಹೀನಾ ಓಡಿಬಂದಳು. ಕಲಿತ ಕೈ ಸುಮ್ಮನಿರಲಾರದೆ ಯಾರ ಮೇಲಾದರೂ ಪ್ರಯೋಗ ಮಾಡಬೇಕು. ಕೋಣೆಯ ಮಧ್ಯೆ ಎತ್ತರಕ್ಕೆ ನಿಂತವನು ಉಗ್ರಪ್ಪ. ಅವನ ಮುಂದೆ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದಳು. ತಲೆ ಮುಟ್ಟಿಕೊಂಡು, ಬಿಳಿ ಎಂದಳು. ಮೂಗಿನ ಕೆಳಗೆ ಬೆರಳು ಎಳೆದು, ಕಪ್ಪು ಎಂದಳು. ಆಮೇಲೆ ಹುಬ್ಬು ಗಂಟು ಹಾಕಿ ಬಲಗೈ ಎತ್ತಿದಳು.

ಯಾಕೆ?

ಕೋಣೆಯಲ್ಲಿ ಸದ್ದಿಲ್ಲ. ಎರಡು ಗಂಟೆಯ ಮೇಲೆ ನಮ್ಮೂರಲ್ಲಿ ಅಷ್ಟು ಸದ್ದಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ಉಗ್ರಪ್ಪನ ತಲೆಯೆಲ್ಲ ನೆರೆತು ಹತ್ತಿಯಾಗಿತ್ತು, ಮೀಸೆ ಮಾತ್ರ ಕಾಡಿಗೆಯ ಹಾಗಿತ್ತು. ಹತ್ತು ವರ್ಷದಿಂದ ಊರೆಲ್ಲ ನೋಡುತ್ತಿದ್ದೆವು, ಹಿಂದೆ ನಗುತ್ತಿದ್ದೆವು, ಎದುರಿಗೆ ಕೇಳುವ ಧೈರ್ಯ ಅವನ ಹೆಂಡತಿಗೂ ಇರಲಿಲ್ಲ. ಮೇಷ್ಟ್ರು ಕೆಮ್ಮುವ ನೆಪದಲ್ಲಿ ಗೋಡೆಗೆ ತಿರುಗಿದರು. ಶಾಹೀನಾ ಅವನಿಗೆ ಅರ್ಥವಾಗಲಿಲ್ಲವೆಂದುಕೊಂಡು ಇನ್ನೊಮ್ಮೆ ಬಿಡಿಸಿ ಹೇಳಿದಳು. ತಲೆ, ಬಿಳಿ. ಮೀಸೆ, ಕಪ್ಪು. ಯಾಕೆ?

ಉಗ್ರಪ್ಪನ ಮುಖ ಕೆಂಪಾಗಿ, ಕುತ್ತಿಗೆ ಕೆಂಪಾಗಿ, ಆಮೇಲೆ ಭುಜ ಕುಲುಕತೊಡಗಿತು. ಬೈಯುತ್ತಾನೆ ಎಂದುಕೊಂಡೆ. ನಗುತ್ತಿದ್ದ! ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಕುರ್ಚಿಗೆ ಕುಸಿದು, "ಸೋಮವಾರ ಹೇಳ್ತೀನಿ ಅಂತ ಹೇಳಕ್ಕ ಆ ಮಗೀಗೆ" ಎಂದ.

"ನಾನು ಹೆಂಗಪ್ಪ ಹೇಳ್ಲಿ? ನಮ್ಮ ಕೈಯಲ್ಲಿ ಸೋಮವಾರ ಇಲ್ಲ."

"ಮೇಷ್ಟ್ರೇ, ನೀವಾದ್ರೂ..."

ಮೇಷ್ಟ್ರು ಎರಡು ಖಾಲಿ ಅಂಗೈ ತೋರಿಸಿದರು.

ಉಗ್ರಪ್ಪ ನಮ್ಮಿಬ್ಬರನ್ನೂ ನೋಡಿದ, ಉತ್ತರಕ್ಕೆ ಕಾಯುತ್ತ ನಿಂತ ಮಗುವನ್ನು ನೋಡಿದ, ಬಾಗಿಲಲ್ಲಿ ನಿಂತ ವಾರಿಜಾಳನ್ನು ನೋಡಿದ. ಸ್ಲೇಟು ಎಳೆದುಕೊಂಡು ಬರೆದ. "ಸೋಮವಾರ ಹೇಳುತ್ತೇನೆ ಎಂದು ಇವಳಿಗೆ ತಿಳಿಸಿ ಮೇಡಂ." ವಾರಿಜಾ ಬಗ್ಗಿ ಕೂತು, ಬೆರಳು ಮಡಚಿ, ಸೂರ್ಯ ಮುಳುಗಿಸಿ ಎಬ್ಬಿಸಿ, ಮತ್ತೆ ಮುಳುಗಿಸಿ ಎಬ್ಬಿಸಿ, ಮಗುವಿಗೆ ತಿಳಿಸಿದಳು. ಶಾಹೀನಾ ಎರಡು ಬೆರಳು ಎತ್ತಿ ಉಗ್ರಪ್ಪನ ಮುಖಕ್ಕೇ ಹಿಡಿದಳು, ಮಾತು ತಪ್ಪಬೇಡ ಎನ್ನುವ ಹಾಗೆ. ಅವನು ಭಾಷಣ ಮಾಡದೆ ಸಹಿ ಹಾಕಿದ. ಅವನ ಜನ್ಮದಲ್ಲಿ ಅದೊಂದೇ ಸಲ. ನಾಲ್ಕೂ ಇಪ್ಪತ್ತಕ್ಕೆ ಲಕೋಟೆಯನ್ನು ನಾನೇ ಡಬ್ಬಕ್ಕೆ ಹಾಕಿ, ಬಿತ್ತೋ ಇಲ್ಲವೋ ಎಂದು ಡಬ್ಬ ತಟ್ಟಿ ನೋಡಿದೆ.

ಸೋಮವಾರ ಬೆಳಗ್ಗೆ ಎಂಟೂವರೆಗೇ ಶಾಹೀನಾ ಸಿಮೆಂಟ್ ಅಂಗಡಿಯ ಮುಚ್ಚಿದ ಶಟರಿನ ಮುಂದೆ ನಿಂತಿದ್ದಳು. ನಾನು, ಮೆಹಬೂಬಿ, ಹೂವಿನವಳು, ಬೀದಿಯ ಅರ್ಧ ಜನ ಏನೂ ಗೊತ್ತಿಲ್ಲದವರ ಹಾಗೆ ಅಲ್ಲಲ್ಲೇ ಸುಳಿದಾಡುತ್ತಿದ್ದೆವು. ಒಂಬತ್ತಕ್ಕೆ ಉಗ್ರಪ್ಪ ಬಂದ. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಮೀಸೆ ನುಣ್ಣಗೆ ಬೋಳಿಸಿಬಿಟ್ಟಿದ್ದ. ಉತ್ತರ ಹೇಳುವ ಕಷ್ಟವೇ ಬೇಡವೆಂದು ಪ್ರಶ್ನೆಯನ್ನೇ ಕತ್ತರಿಸಿ ಹಾಕಿ, ಗೆದ್ದವನ ಹಾಗೆ ಮಗುವಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ. ಶಾಹೀನಾ ಒಂದು ಗಳಿಗೆ ಅವನ ಬರಿ ತುಟಿಯನ್ನೇ ನೋಡಿದಳು. ನಿಧಾನವಾಗಿ ಹುಬ್ಬು ಗಂಟು ಹಾಕಿದಳು. ಬಲಗೈ ಎತ್ತಿದಳು.

ಮೀಸೆ ಇಲ್ಲ. ಯಾಕೆ?